ಚಿಕ್ಕಮಗಳೂರಿನ ಏರಿಳಿತದಲ್ಲಿ ಮ್ಯಾರಥಾನ್: ತಯಾರಿ ಹೀಗಿರಲಿ

ಬಯಲುಸೀಮೆಯ ಸಮತಟ್ಟು ರಸ್ತೆಯಲ್ಲಿ ಕಿಲೋಮೀಟರಿಗೆ 6 ನಿಮಿಷ ಓಡುವವರು ಇಲ್ಲಿನ ಏರಿನಲ್ಲೂ ಅದೇ ವೇಗಕ್ಕೆ ಜೋತುಬಿದ್ದರೆ 42.195 ಕಿ.ಮೀ. ಮುಗಿಯುವ ಮೊದಲೇ ಸುಸ್ತಾಗುತ್ತಾರೆ. ಏರಿನಲ್ಲಿ ವಾಚ್ ಬಿಡಿ, ಉಸಿರು ಗಮನಿಸಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಹೆಜ್ಜೆ ಗಿಡ್ಡ ಮಾಡಿ, ಕೈ ಬೀಸಿ. ತೀರಾ ಕಡಿದಾದ ಕಡೆ ನಡೆದರೆ ಮಾನವೇನೂ ಹೋಗುವುದಿಲ್ಲ.

ನಿಜವಾದ ಪೆಟ್ಟು ಬೀಳುವುದು ಇಳಿಜಾರಿನಲ್ಲಿ. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕಾದ್ದರಿಂದ ಅದರ ನಾರುಗಳಿಗೆ ಸೂಕ್ಷ್ಮ ಹಾನಿಯಾಗುತ್ತದೆ. ನೋವು ಜೋರಾಗುವುದು ಒಂದೆರಡು ದಿನ ಕಳೆದ ಮೇಲೆ. ಕಾಲು ಮುಂದಕ್ಕೆ ಚಾಚಿ ಹಿಮ್ಮಡಿ ಊರಬೇಡಿ, ಪಾದ ಸೊಂಟದ ಕೆಳಗೇ ಬೀಳಲಿ. ಅಭ್ಯಾಸಕ್ಕೆ ಕೈಮರದಿಂದ ಮುಳ್ಳಯ್ಯನಗಿರಿಯತ್ತ ಹೋಗುವ ರಸ್ತೆ ಸಾಕು: ವಾರಕ್ಕೊಮ್ಮೆ 400 ಮೀಟರ್ ಏರಿ, ಅಷ್ಟೇ ಇಳಿಯಿರಿ, ಆರು ಸಲ. ಶನಿವಾರ, ಭಾನುವಾರ ಬೇಡ. ತಿರುವುಗಳಲ್ಲಿ ಪ್ರವಾಸಿಗರ ಕಾರುಗಳ ಕಾಟ. ರೇಸಿಗೆ ಎರಡು ವಾರ ಇರುವಾಗ ಕಠಿಣ ಇಳಿಜಾರು ನಿಲ್ಲಿಸಿ.

ಶೂ ತುದಿಯಲ್ಲಿ ಹೆಬ್ಬೆರಳಗಲ ಜಾಗವಿರಲಿ, ಲೇಸನ್ನು ಕೊನೆಯ ತೂತಿಗೂ ಪೋಣಿಸಿ ಬಿಗಿಯಿರಿ. ಇಲ್ಲದಿದ್ದರೆ ಪಾದ ಮುಂದೆ ಜಾರಿ ಉಗುರು ಕಪ್ಪಾಗುತ್ತದೆ. ಬೆಳಗಿನ ಚಳಿಯಲ್ಲಿ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಓಆರ್‌ಎಸ್ ಅನ್ನು 20 ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು ಕುಡಿಯಿರಿ.