ವೋಲ್ಟ್, ಆಂಪ್ ಅಳೆದು ಲೈನಿನ ಕಾಯಿಲೆ ಹುಡುಕಿದ್ದು

ನಾನು ಗಂಗಾವತಿ ಕಡೆ ವೈರಿಂಗ್ ಕೆಲಸ ಮಾಡುತ್ತೇನೆ. ಓಮ್‌ನ ನಿಯಮ ಎಲ್ಲರೂ ಹೈಸ್ಕೂಲಿನಲ್ಲಿ ಓದಿರುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತಾರೆ. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಸಿಗುವ ತಡೆ, ಓಮ್ ಲೆಕ್ಕದಲ್ಲಿ ಬರುತ್ತದೆ, ಅಷ್ಟೇ. ವೋಲ್ಟ್ ಗುಣಿಸು ಆಂಪ್ ಅಂದರೆ ವ್ಯಾಟ್. ನನಗೆ ಮಾತ್ರ ಇವೆರಡೂ ದಿನಾ ಬೇಕು.

ಕಾರಟಗಿ ಹತ್ತಿರದ ಒಂದು ಹೊಲದ ಮನೆಯ ಕೆಲಸ ಹೇಳುತ್ತೇನೆ. ಯಜಮಾನರ ದೂರು ಹೀಗಿತ್ತು: "ಅಂಗಡಿಯವ ಡೂಪ್ಲಿಕೇಟ್ ಹೀಟರ್ ಕೊಟ್ಟಾನ್ರೀ. ಒಂದು ಬಕೆಟ್ ನೀರು ಕಾಯಾಕ ಮುಕ್ಕಾಲು ತಾಸು ಹಿಡೀತದ." ಹೀಟರ್ ಮೇಲೆ 1500 ವ್ಯಾಟ್ ಅಂತ ಬರೆದಿತ್ತು. ಅಷ್ಟು ವ್ಯಾಟ್ ಬರೋದು 230 ವೋಲ್ಟ್ ಸಿಕ್ಕರೆ ಮಾತ್ರ. ಮೇಲಿನ ಎರಡು ಲೆಕ್ಕ ಸೇರಿಸಿ, 230ನ್ನು 230ರಿಂದ ಗುಣಿಸಿ 1500ರಿಂದ ಭಾಗಿಸಿದರೆ 35.3 ಓಮ್. ಹೀಟರ್ ಅಸಲಿ ಆಗಿದ್ದರೆ ಅದರ ರೆಸಿಸ್ಟೆನ್ಸ್ ಇದರ ಆಸುಪಾಸು ಇರಲೇಬೇಕು.

ಹೀಟರನ್ನು ನೀರಲ್ಲಿ ಇಟ್ಟು, ಆನ್ ಮಾಡಿ, ಸಾಕೆಟ್ ಹತ್ತಿರ ವೋಲ್ಟೇಜ್ ನೋಡಿದೆ. 194. ಕ್ಲ್ಯಾಂಪ್ ಮೀಟರ್‌ನಲ್ಲಿ (ವೈರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) 5.5 ಆಂಪ್. (ಕ್ಲ್ಯಾಂಪನ್ನು ಫೇಸ್ ವೈರ್ ಒಂದಕ್ಕೇ ಹಾಕಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ಹೊಸ ಹುಡುಗರು ಮೀಟರೇ ಕೆಟ್ಟಿದೆ ಅಂತ ಗಾಬರಿಯಾಗೋದು ಇಲ್ಲೇ.) 194 ಭಾಗಿಸು 5.5, ಅಂದರೆ 35.3 ಓಮ್. ಹೀಟರ್ ಅಪ್ಪಟ ಸರಿ ಇದೆ, ಪಾಪ ಅಂಗಡಿಯವನದು ಏನೂ ತಪ್ಪಿಲ್ಲ. ಆದರೆ 194 ಗುಣಿಸು 5.5 ಅಂದರೆ 1067 ವ್ಯಾಟ್ ಅಷ್ಟೇ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ತರಲು 1500 ವ್ಯಾಟ್‌ಗೆ ಸುಮಾರು 28 ನಿಮಿಷ ಸಾಕು, 1067 ವ್ಯಾಟ್‌ಗೆ 39 ನಿಮಿಷ ಬೇಕು. ಬಕೆಟ್‌ನಿಂದ ಆರಿ ಹೋಗುವ ಬಿಸಿ ಬೇರೆ. ಮುಕ್ಕಾಲು ತಾಸು ಅಂದದ್ದು ಸುಳ್ಳಲ್ಲ.

ಹಾಗಾದರೆ ವೋಲ್ಟೇಜ್ ಎಲ್ಲಿ ಹೋಯಿತು? ಮೀಟರ್ ಬೋರ್ಡ್ ಹತ್ತಿರ, ಹೀಟರ್ ಓಡುತ್ತಿರುವಾಗಲೇ, 226 ಇತ್ತು. ಅಂದರೆ ಬೋರ್ಡಿನಿಂದ ಮನೆಗೆ ಬರುವಷ್ಟರಲ್ಲಿ 32 ವೋಲ್ಟ್ ಮಾಯ. ಹೀಟರ್ ಆಫ್ ಮಾಡಿದರೆ ಮನೆಯಲ್ಲೂ 228 ತೋರಿಸುತ್ತದೆ, ಯಾಕೆಂದರೆ ಕರೆಂಟ್ ಹರಿಯದಿದ್ದರೆ ವೈರಿನಲ್ಲಿ ವೋಲ್ಟೇಜ್ ಬೀಳುವುದೇ ಇಲ್ಲ. ಅದಕ್ಕೇ ಹೇಳೋದು, ಲೋಡ್ ಇಲ್ಲದೆ ವೋಲ್ಟೇಜ್ ನೋಡಿ "ಲೈನ್ ಸರಿ ಇದೆ" ಅಂತ ಸುಮ್ನೆ ಹೇಳಬಾರದು.

32ನ್ನು 5.5ರಿಂದ ಭಾಗಿಸಿದರೆ ಲೈನಿನ ರೆಸಿಸ್ಟೆನ್ಸ್ 5.8 ಓಮ್. ಇದು ಜಾಸ್ತಿ ಆಯ್ತು ಅಲ್ವಾ ಅನ್ನಿಸಿತು. ಬೋರ್ಡಿನಿಂದ ಮನೆಗೆ 80 ಮೀಟರ್, 1.5 ಸ್ಕ್ವೇರ್ ಎಂಎಂ ತಾಮ್ರದ ವೈರು. ಈ ವೈರಿಗೆ 1000 ಮೀಟರ್‌ಗೆ ಸುಮಾರು 12.1 ಓಮ್ ಇರುತ್ತದೆ. ಹೋಗಿ ಬರುವ ದಾರಿ ಎರಡೂ ಸೇರಿ 160 ಮೀಟರ್, ಅಂದರೆ 1.9 ಓಮ್. ನಮ್ಮ ಬಿಸಿಲಿಗೆ ವೈರು ಕಾದಿದೆ ಅಂತ ಸ್ವಲ್ಪ ಸೇರಿಸಿದರೂ 2.1 ದಾಟಲ್ಲ. ಉಳಿದ ಮೂರೂವರೆ ಓಮ್‌ಗಿಂತ ಜಾಸ್ತಿ ರೆಸಿಸ್ಟೆನ್ಸ್ ಒಂದೇ ಕಡೆ ಕೂತಿರಬೇಕು. ವೈರಿನ ಉದ್ದಕ್ಕೂ ನಡೆದು ನೋಡಿದರೆ ಬೇವಿನ ಮರದ ಹತ್ತಿರ ಒಂದು ಸುತ್ತು ಜಾಯಿಂಟ್, ಮೇಲೆ ಟೇಪು. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಆ ಜಾಯಿಂಟಿನ ಎರಡೂ ಬದಿಗೆ ಮೀಟರಿನ ಕಡ್ಡಿ ಇಟ್ಟೆ: 20 ವೋಲ್ಟ್! 20 ಗುಣಿಸು 5.5, ಅಂದರೆ 110 ವ್ಯಾಟ್. ಹೆಬ್ಬೆರಳಿನಷ್ಟು ಜಾಗದಲ್ಲಿ ಹಳೇ ದೊಡ್ಡ ಬಲ್ಬಿನಷ್ಟು ಬಿಸಿ. ಆಫ್ ಮಾಡಿ ಬಿಚ್ಚಿದರೆ ಒಳಗೆ ಟೇಪು ಕರಗಿ ಕಪ್ಪಾಗಿತ್ತು. ಯಾರೋ ತಾಮ್ರದ ವೈರಿನ ನಡುವೆ ಅಲ್ಯೂಮಿನಿಯಂ ತುಂಡು ಸೇರಿಸಿ ಸುತ್ತಿದ್ದರು. ಅಲ್ಯೂಮಿನಿಯಂ ಮೇಲೆ ಕರೆಂಟ್ ಬಿಡದ ಪೊರೆ ಕಟ್ಟುತ್ತದೆ, ಜೊತೆಗೆ ಎರಡು ಲೋಹಗಳೂ ಬಿಸಿಗೆ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ. ಹೀಗೇ ಬಿಟ್ಟಿದ್ದರೆ ಹೊಟ್ಟು, ಮೇವಿನ ಬಣವೆ ಇರುವ ಜಾಗದಲ್ಲಿ ಏನಾಗುತ್ತಿತ್ತೋ.

ತುಂಡು ತೆಗೆದು, ತಾಮ್ರಕ್ಕೆ ತಾಮ್ರ ಸೇರಿಸಿ ಕನೆಕ್ಟರ್ ಹಾಕಿ ಬಿಗಿ ಮಾಡಿದೆ. ಈಗ ಹೀಟರ್ ಹತ್ತಿರ 213 ವೋಲ್ಟ್, 6.05 ಆಂಪ್, ಸುಮಾರು 1290 ವ್ಯಾಟ್. ಪೂರ್ತಿ 1500 ಇನ್ನೂ ಬರಲ್ಲ, ಅಷ್ಟು ದೂರಕ್ಕೆ ಆ ವೈರು ಸಣ್ಣದು. 4 ಸ್ಕ್ವೇರ್ ಎಂಎಂ ಎಳೆದರೆ 1390ರ ತನಕ ಬರುತ್ತದೆ ಅಂತ ಲೆಕ್ಕ ಬರೆದು ಕೊಟ್ಟೆ. ಯಜಮಾನರು "ಭತ್ತದ ರೊಕ್ಕ ಬರಲಿ" ಅಂದರು.

ಪಂಪಿನ ಮೋಟರಿಗೆ ಮಾತ್ರ ಈ ಲೆಕ್ಕವನ್ನು ಹೀಗೇ ಹಾಕಬೇಡಿ. ಅಲ್ಲಿ ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ಬರೋದು ವೈಂಡಿಂಗಿನ ರೆಸಿಸ್ಟೆನ್ಸ್ ಅಲ್ಲ, ಅದಕ್ಕಿಂತ ಎಷ್ಟೋ ದೊಡ್ಡ ಸಂಖ್ಯೆ. ವ್ಯಾಟ್ ಬೇಕೆಂದರೆ ಪವರ್ ಫ್ಯಾಕ್ಟರಿನಿಂದಲೂ (ವೋಲ್ಟ್ ಗುಣಿಸು ಆಂಪ್‌ನಲ್ಲಿ ನಿಜವಾದ ವ್ಯಾಟ್ ಆಗುವ ಪಾಲು) ಗುಣಿಸಬೇಕು. ತ್ರೀ ಫೇಸ್‌ನಲ್ಲಿ 415 ವೋಲ್ಟ್, 7.5 ಆಂಪ್, ಪವರ್ ಫ್ಯಾಕ್ಟರ್ 0.8 ಇದ್ದರೆ, ತ್ರೀ ಫೇಸ್ ಲೆಕ್ಕಕ್ಕೆ ಬರುವ 1.732ನ್ನೂ ಸೇರಿಸಿ ಗುಣಿಸಿದಾಗ ಸುಮಾರು 4300 ವ್ಯಾಟ್. ಅದು 5 ಎಚ್‌ಪಿ ಮೋಟರ್ ಆದರೆ ಹೊರಗೆ ಸಿಗೋ ಕೆಲಸ 3730 ವ್ಯಾಟ್, ಉಳಿದದ್ದು ಮೋಟರಿನ ಒಳಗೇ ಬಿಸಿಯಾಗಿ ಹೋಗುತ್ತದೆ. ಇನ್ನೊಂದು ವಿಷಯ, ವೋಲ್ಟೇಜ್ ಇಳಿದರೆ ಹೀಟರ್ ಕರೆಂಟ್ ಕಡಿಮೆ ಎಳೆಯುತ್ತದೆ, ಆದರೆ ಲೋಡ್ ಮೇಲಿರುವ ಮೋಟರ್ ಜಾಸ್ತಿ ಎಳೆಯುತ್ತದೆ. ಹಾಗಾಗಿ ಇದೇ ಥರದ ಜಾಯಿಂಟ್ ಮೋಟರ್ ಲೈನಿನಲ್ಲಿ ಇದ್ದರೆ, ನೀರು ಕಡಿಮೆ ಬರುತ್ತದೆ ಅನ್ನೋ ದೂರಿಗಿಂತ ಮೊದಲೇ ವೈಂಡಿಂಗ್ ಸುಟ್ಟಿರಬಹುದು.