ರಜೆಯಲ್ಲಿ ಮಕ್ಕಳಿಗೆ ನಾನು ಓದಿಸಿದ ಪುಸ್ತಕಗಳು

ಮಾರ್ಚ್ ಕೊನೆಗೆ ಶಾಲೆ ಮುಚ್ಚುವಾಗ ಅಮ್ಮಂದಿರು ಕೇಳುತ್ತಾರೆ, "ಟೀಚರೇ, ರಜೆಯಲ್ಲಿ ಓದ್ಲಿಕ್ಕೆ ಎಂತ ಪುಸ್ತಕ ಕೊಡುವುದು?" ಏಳನೇ ಕ್ಲಾಸಿಗೆ ಇದು, ಐದಕ್ಕೆ ಅದು ಎಂದು ಪಟ್ಟಿ ಕೊಟ್ಟರೆ ನಮ್ಮಲ್ಲಿ ನಡೆಯುವುದಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಯುಪಿ (ಹಿರಿಯ ಪ್ರಾಥಮಿಕ) ಶಾಲೆ ನಮ್ಮದು. ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳ ಮನೆಯಲ್ಲಿ ಮಲಯಾಳ, ಮತ್ತೊಬ್ಬನದು ಮರಾಠಿ. ಹವ್ಯಕ ಮಕ್ಕಳ ಮನೆಮಾತು ಕನ್ನಡವೇ ಆದರೂ ಪುಸ್ತಕದ ಕನ್ನಡ ಅವರಿಗೂ ಬೇರೆ. ಹಾಗಾಗಿ ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ರಜೆಯಲ್ಲಿ ಹತ್ತಿರದ ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ. ಮದ್ರಸಾಕ್ಕೆ ಹೋಗುವವರಿದ್ದಾರೆ, ಬೆಳಿಗ್ಗೆ ಗೇರುಬೀಜ ಹೆಕ್ಕುವವರಿದ್ದಾರೆ. ಅದಕ್ಕೇ ಓದು ಸಂಜೆಗೆ.

ಸಣ್ಣವರಿಗೆ ಕುವೆಂಪು ಅವರ 'ಕಿಂದರಿಜೋಗಿ'. ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ ಬರೆದ ಕತೆಯೇ ಇದು, ಆದರೆ ಕನ್ನಡದ ಮಣ್ಣಲ್ಲಿ ಪೂರಾ ಬೇರುಬಿಟ್ಟಿದೆ. ಇದನ್ನು ಮನಸ್ಸಿನಲ್ಲೇ ಓದಿಸಬೇಡಿ. ಗಟ್ಟಿಯಾಗಿ, ತಾಳ ಹಾಕಿ ಓದಬೇಕು. ಇಲಿಗಳು ಬರುವಾಗ ಮಕ್ಕಳು ಕಾಲು ಬಡಿಯುತ್ತಾರೆ, ಬಡಿಯಲಿ. ಜೋಗಿಯ ಹಿಂದೆ ಹೋದ ಮಕ್ಕಳು ಬೆಟ್ಟದೊಳಗೆ ಕಾಣೆಯಾದಾಗ ಒಬ್ಬಳು ಕೇಳಿದಳು, "ಅವರ ಅಮ್ಮಂದಿರು ಹುಡುಕ್ಲಿಕ್ಕೆ ಹೋಗ್ಲಿಲ್ವಾ ಟೀಚರ್?" ನಾನು ಉತ್ತರ ಕೊಡಲಿಲ್ಲ. ಮರುದಿನ ಅವಳೇ ಪುಸ್ತಕ ಕೇಳಿ ತೆಗೆದುಕೊಂಡು ಹೋದಳು.

ಕಷ್ಟ ಇರುವುದು ಏಳನೇ ಕ್ಲಾಸಿನವರ ಜೊತೆ. ಓದುವ ವೇಗ ನಾಲ್ಕನೇ ಕ್ಲಾಸಿನದು, ಮನಸ್ಸು ಮಾತ್ರ ದೊಡ್ಡದಾಗಿರುತ್ತದೆ. ಮೊಲ ಆಮೆಯ ಚಿತ್ರಪುಸ್ತಕ ಕೊಟ್ಟರೆ ಅವಮಾನ. ಇವರಿಗೆ ಪುಸ್ತಕ ತೆಳ್ಳಗಿರಬೇಕು, ನೋಡಲು ಮಕ್ಕಳ ಪುಸ್ತಕದಂತೆ ಇರಬಾರದು. ರಾಷ್ಟ್ರೋತ್ಥಾನದ ಭಾರತ ಭಾರತಿ ಮಾಲೆ ಇದಕ್ಕೆ ಒದಗುತ್ತದೆ. ಒಬ್ಬೊಬ್ಬ ಮಹನೀಯರ ಮೇಲೆ ಒಂದೊಂದು ಪುಟ್ಟ ಪುಸ್ತಕ, 500ಕ್ಕೂ ಹೆಚ್ಚು ಇವೆ, ಜೇಬಿಗೆ ಹಾಕಿಕೊಂಡು ಹೋಗಬಹುದು. ಎಲ್ಲವೂ ಚೆನ್ನಾಗಿವೆ ಅಂತಲ್ಲ, ಕೆಲವದರಲ್ಲಿ ಹೊಗಳಿಕೆ ಜಾಸ್ತಿ. ಆದರೆ ಒಂದು ಪುಸ್ತಕ ಪೂರ್ತಿ ಮುಗಿಸಿದೆ ಅನ್ನುವ ಖುಷಿ ಇಂಥ ಹುಡುಗರಿಗೆ ಬೇಕೇ ಬೇಕು.

ಅದು ಸಿಕ್ಕಿದ ಮೇಲೆ ತೇಜಸ್ವಿ. 'ಪರಿಸರದ ಕತೆ'ಯನ್ನು ಮೊದಲ ಪುಟದಿಂದ ಶುರು ಮಾಡಬೇಕೆಂದಿಲ್ಲ. 'ಕಿವಿಯೊಡನೆ ಒಂದು ದಿನ' ಓದಿಸಿ, ಕಿವಿ ಅಂದರೆ ಅವರ ನಾಯಿಯ ಹೆಸರು, ನಾಯಿ ಸಾಕಿದ ಮಕ್ಕಳು ಉಳಿದದ್ದನ್ನು ತಾವೇ ಓದುತ್ತಾರೆ. 'ಕರ್ವಾಲೊ' ಸ್ವಲ್ಪ ದೊಡ್ಡವರಿಗೆ. ಅದರಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಒಂದು ತಂಡವೇ ಕಾಡಿಗೆ ಹೋಗುತ್ತದೆ. ಜಗಲಿಯಲ್ಲಿ ಆ ಭಾಗ ಓದುತ್ತಿದ್ದಾಗ ಒಬ್ಬ ಹುಡುಗ ನಕ್ಕುಬಿಟ್ಟ. "ಇದಕ್ಕೆ ಅಷ್ಟು ದೂರ ಯಾಕೆ? ನಮ್ಮ ತೋಟದಲ್ಲೇ ಉಂಟು!" ಸುಳ್ಳಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ಅದು ಇದೆ. ಮರಕ್ಕೆ ಅಂಟಿ ಕೂತರೆ ತೊಗಟೆಯ ಬಣ್ಣವೇ, ಗೊತ್ತಾಗುವುದಿಲ್ಲ. ಗಂಡು ಗಂಟಲ ಕೆಳಗಿನ ಹಳದಿ ಚೀಲ ಅಲ್ಲಾಡಿಸಿದಾಗಲೇ ಕಣ್ಣಿಗೆ ಬೀಳುವುದು. ಮರುದಿನ ಎಲ್ಲರೂ ಅವನ ತೋಟದಲ್ಲಿ ಕತ್ತೆತ್ತಿ ನಿಂತಿದ್ದೆವು. ಒಂದು ಮರದಿಂದ ಇನ್ನೊಂದಕ್ಕೆ ಅದು ತೇಲಿ ಹೋದದ್ದೇ ತಡ, ಉಳಿದ ಅಧ್ಯಾಯಗಳಿಗೆ ಜಗಳ ಶುರು. ಪುಸ್ತಕ ಇದ್ದದ್ದು ಒಂದೇ.

ನಮ್ಮೂರಿನ ಸೌಕರ್ಯ ಇನ್ನೊಂದಿದೆ, ಯಕ್ಷಗಾನ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿರುವ 'ಪಂಚವಟಿ' ಪ್ರಸಂಗದಿಂದ ಶೂರ್ಪನಖಿಯ ಭಾಗದ ಪದ್ಯಗಳನ್ನು ಆರಿಸಿ ಕೊಡುತ್ತೇನೆ. ಪದ್ಯ ಒಬ್ಬರು ಓದುವುದು, ಅರ್ಥ ಇನ್ನೊಬ್ಬರು ಹೇಳುವುದು, ತಾಳಮದ್ದಳೆಯ ಹಾಗೆ. ರಾಮ ಅವಳನ್ನು ಲಕ್ಷ್ಮಣನ ಹತ್ತಿರ ಕಳಿಸುವುದು, ಲಕ್ಷ್ಮಣ ವಾಪಸು ಕಳಿಸುವುದು, ಮಕ್ಕಳಿಗೆ ಭಾರೀ ತಮಾಷೆ. ಅರ್ಥ ಹೇಳಬೇಕಾದರೆ ಪದ್ಯ ಅರ್ಥವಾಗಲೇಬೇಕಲ್ವಾ? ಹಳೆಯ ಮಾತುಗಳನ್ನು ಅಜ್ಜಂದಿರ ಹತ್ತಿರ ಕೇಳಿಕೊಂಡು ಬರುತ್ತಾರೆ. ಶೂರ್ಪನಖಿಯ ಪಾತ್ರಕ್ಕೇ ಬೇಡಿಕೆ ಜಾಸ್ತಿ, ರಾಮ ಯಾರಿಗೂ ಬೇಡ.

ಓದಿದ ಮೇಲೆ ಟಿಪ್ಪಣಿ ಬರೆಸುವುದಿಲ್ಲ. ಅದು ಜೂನ್ ತಿಂಗಳಲ್ಲಿ ಹೇಗೂ ಇದ್ದದ್ದೇ, 19ಕ್ಕೆ ಕೇರಳದ ವಾಚನಾ ದಿನ ಬರುತ್ತದೆ. ಮಲಯಾಳದ ಬಾಲಪತ್ರಿಕೆ ಹಿಡಿದು ಬಂದವರನ್ನು ತಡೆಯುವುದೂ ಇಲ್ಲ, ಓದುವ ಚಾಳಿ ಮುಖ್ಯ.

ಪುಸ್ತಕ ಎಲ್ಲಿಂದ? ಹೆಚ್ಚಿನವು ಊರಿನ ವಾಚನಾಲಯದ್ದು. ಉಳಿದವನ್ನು ಮಂಗಳೂರಿಗೆ ಹೋದಾಗ ತರುತ್ತೇನೆ. ದುಡ್ಡು ಇಲ್ಲದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್ ಇದೆ. ಕನ್ನಡ ಕತೆಗಳು ಪುಕ್ಕಟೆ ಸಿಗುತ್ತವೆ, ಓದುವ ಮಟ್ಟ ನೋಡಿ ಆರಿಸಬಹುದು, ಪ್ರಿಂಟ್ ತೆಗೆಯಲಿಕ್ಕೂ ಅಡ್ಡಿ ಇಲ್ಲ. ಮೊಬೈಲಿನಲ್ಲೇ ಕೊಟ್ಟರೆ ಎರಡನೇ ಪುಟಕ್ಕೆ ಗೇಮ್ ಶುರುವಾಗುತ್ತದೆ, ಆದ್ದರಿಂದ ಪೇಟೆಯಲ್ಲಿ ಕಪ್ಪು ಬಿಳುಪು ಪ್ರಿಂಟ್ ಹಾಕಿಸಿ ಪಿನ್ ಹೊಡೆದು ಕೊಡಿ. ಚಿತ್ರಗಳಿಗೆ ಬಣ್ಣ ಅವರೇ ಹಚ್ಚುತ್ತಾರೆ.