ವಿಯೆಟ್ನಾಂನ ಹೂಡಿಕೆ ವಾತಾವರಣವನ್ನು ಅಳೆಯುವುದು ಹೇಗೆ

ವಿಯೆಟ್ನಾಂನ ಆರ್ಥಿಕ ಸ್ಥಿತಿಯನ್ನು ಕುರಿತ ವರದಿಗಳಲ್ಲಿ ಎರಡು ಅಂಕಿಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಒಂದು ಬೆಳವಣಿಗೆಯ ದರ, ಇನ್ನೊಂದು ನೋಂದಾಯಿತ ವಿದೇಶಿ ಹೂಡಿಕೆಯ ಮೊತ್ತ. 2024ರ ಮಟ್ಟಿಗೆ ಇವು ಕ್ರಮವಾಗಿ ಶೇ 7.09 ಮತ್ತು 3,823 ಕೋಟಿ ಡಾಲರ್. ಎರಡೂ ಸರಿಯಾದ ಅಂಕಿಗಳೇ, ಆದರೆ ಅಲ್ಲಿ ಕಾರ್ಖಾನೆ ತೆರೆಯಬೇಕೇ, ಅಲ್ಲಿನ ಪಾಲುದಾರರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕೇ ಎಂದು ತೀರ್ಮಾನಿಸಬೇಕಾದವರಿಗೆ ಇವೆರಡರಿಂದ ಆಗುವ ಸಹಾಯ ಕಡಿಮೆ. ಹಣವು ಹೋಗುವ ದಾರಿಯನ್ನೇ ಹಿಡಿದು ಹಿಂಬಾಲಿಸುವುದು ಹೆಚ್ಚು ಉಪಯುಕ್ತ: ಎಷ್ಟು ಬರುತ್ತದೆಂದು ಹೇಳಲಾಯಿತು, ನಿಜವಾಗಿ ಎಷ್ಟು ಬಂತು, ಬಂದದ್ದರಲ್ಲಿ ದೇಶದೊಳಗೆ ಎಷ್ಟು ಬೇರೂರಿತು, ಗಳಿಸಿದ ಲಾಭವನ್ನು ಹೊರಗೆ ಒಯ್ಯಲು ಏನು ಮಾಡಬೇಕು. ಮುಂದಿನ ವಿವರಣೆ ಈ ದಾರಿಯನ್ನೇ ಅನುಸರಿಸುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, 1986ರ ಡಿಸೆಂಬರ್‌ನಲ್ಲಿ ನಡೆದ ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನವು ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆಗೆ ನಾಂದಿ ಹಾಡಿತು, ಮರುವರ್ಷವೇ ಮೊದಲ ವಿದೇಶಿ ಹೂಡಿಕೆ ಕಾಯ್ದೆ ಬಂತು. 1995ರಲ್ಲಿ ಆಸಿಯಾನ್ ಸದಸ್ಯತ್ವ, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ, 2020ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ, ಇವೆಲ್ಲ ಅದರ ಮುಂದಿನ ಮೆಟ್ಟಿಲುಗಳು. ಪಕ್ಷವೊಂದೇ ಆಳುವ ದೇಶದಲ್ಲಿ ಹೂಡಿಕೆದಾರರಿಗೆ ಧೈರ್ಯ ಕೊಟ್ಟಿರುವುದು ದೇಶೀಯ ಕಾನೂನಿಗಿಂತ ಹೆಚ್ಚಾಗಿ ಈ ಹೊರ ಒಪ್ಪಂದಗಳೇ ಎಂಬುದು ನನ್ನ ಅಭಿಪ್ರಾಯ.

ತಿಂಗಳ ವರದಿಯಿಂದ ಆರಂಭಿಸಿ

ರಾಷ್ಟ್ರೀಯ ಅಂಕಿಅಂಶ ಕಚೇರಿಯು ಪ್ರತಿ ತಿಂಗಳು ಹೂಡಿಕೆ ಮತ್ತು ವ್ಯಾಪಾರದ ಲೆಕ್ಕವನ್ನು ಪ್ರಕಟಿಸುತ್ತದೆ. ಅದರಲ್ಲಿ ನೋಂದಾಯಿತ ಬಂಡವಾಳ ಎಂಬುದು ಮೂರು ಬಗೆಯ ಹಣದ ಮೊತ್ತವೆಂಬುದನ್ನು ಮೊದಲು ಗಮನಿಸಬೇಕು. 2024ರ 3,823 ಕೋಟಿ ಡಾಲರನ್ನು ಬಿಡಿಸಿ ನೋಡಿದರೆ, ಹೊಸ ಯೋಜನೆಗಳದ್ದು ಸುಮಾರು 1,973 ಕೋಟಿ, ಈಗಾಗಲೇ ಇರುವ ಯೋಜನೆಗಳು ಹೆಚ್ಚಿಸಿಕೊಂಡ ಬಂಡವಾಳ ಸುಮಾರು 1,396 ಕೋಟಿ, ಸ್ಥಳೀಯ ಕಂಪನಿಗಳ ಷೇರು ಖರೀದಿ ಮತ್ತು ಪಾಲು ಬಂಡವಾಳದ ರೂಪದಲ್ಲಿ ಬಂದದ್ದು ಸುಮಾರು 454 ಕೋಟಿ. ಆ ವರ್ಷ ಒಟ್ಟು ಮೊತ್ತ ಹಿಂದಿನ ವರ್ಷಕ್ಕಿಂತ ಶೇ 3ರಷ್ಟು ಇಳಿದಿತ್ತು. ಶೀರ್ಷಿಕೆಯನ್ನಷ್ಟೇ ಓದಿದವರಿಗೆ ಹೂಡಿಕೆ ಸೊರಗಿದಂತೆ ತೋರುತ್ತದೆ. ಆದರೆ ಎರಡನೆಯ ಸಾಲು, ಅಂದರೆ ಅಲ್ಲಿ ಈಗಾಗಲೇ ನೆಲೆಯೂರಿದವರು ಮತ್ತೆ ಹಾಕಲು ಒಪ್ಪಿದ ಹಣ, ಅರ್ಧದಷ್ಟು ಏರಿತ್ತು. ಅಲ್ಲಿನ ಅಧಿಕಾರಿಗಳನ್ನೂ ಕರೆಂಟನ್ನೂ ಕಾರ್ಮಿಕರನ್ನೂ ಕಣ್ಣಾರೆ ಕಂಡವರೇ ಇನ್ನಷ್ಟು ಹಣ ಹಾಕುತ್ತಿದ್ದಾರೆಯೇ ಎಂಬುದನ್ನು ಹೇಳುವ ಸಾಲು ಅದು. ಮೂರರಲ್ಲಿ ಒಂದನ್ನು ಮಾತ್ರ ನೋಡಲು ಸಮಯವಿದ್ದರೆ ಅದನ್ನೇ ನೋಡಿ.

ಆ ಬಳಿಕ ವಿನಿಯೋಗವಾದ ಬಂಡವಾಳದ, ಅಂದರೆ ನಿಜವಾಗಿ ಬಂದ ಹಣದ, ಸಾಲಿಗೆ ಬನ್ನಿ. 2024ರಲ್ಲಿ ಅದು ಸುಮಾರು 2,535 ಕೋಟಿ ಡಾಲರ್ ಆಗಿತ್ತು, ಹಿಂದಿನ ವರ್ಷಕ್ಕಿಂತ ಶೇ 9ಕ್ಕೂ ಹೆಚ್ಚು. ನೋಂದಾಯಿತ ಮೊತ್ತ ಕುಣಿದಾಡುತ್ತದೆ, ವಿನಿಯೋಗದ ಮೊತ್ತ ನಿಧಾನವಾಗಿ ನಡೆಯುತ್ತದೆ. ಕುಣಿತಕ್ಕೆ ಕಾರಣ ಬಹುಮಟ್ಟಿಗೆ ಭಾರಿ ವಿದ್ಯುತ್ ಯೋಜನೆಗಳು. 2020ರ ಜನವರಿಯಲ್ಲಿ ಬಾಕ್ ಲಿಯು ಪ್ರಾಂತ್ಯದ ದ್ರವೀಕೃತ ಅನಿಲ ಆಧಾರಿತ ವಿದ್ಯುತ್ ಸ್ಥಾವರವೊಂದು 400 ಕೋಟಿ ಡಾಲರ್ ಬಂಡವಾಳದೊಂದಿಗೆ ನೋಂದಣಿಯಾಯಿತು. ಆ ತಿಂಗಳ ಅಂಕಿ ಗಗನಕ್ಕೇರಿತು, ಹೂಡಿಕೆದಾರ ದೇಶಗಳ ಪಟ್ಟಿಯಲ್ಲಿ ಸಿಂಗಪುರ ಮೇಲೆ ಬಂತು. ವರ್ಷಗಳು ಕಳೆದರೂ ಸ್ಥಾವರದ ನಿರ್ಮಾಣ ಆರಂಭವಾಗಲಿಲ್ಲ. ಆದ್ದರಿಂದ ಯಾವುದೇ ತಿಂಗಳಲ್ಲಿ ನೋಂದಣಿ ಹಠಾತ್ತನೆ ಜಿಗಿದರೆ, ಅತಿ ದೊಡ್ಡ ಒಂದೆರಡು ಯೋಜನೆಗಳನ್ನು ಕಳೆದು ಉಳಿದದ್ದನ್ನು ನೋಡುವುದು ಒಳ್ಳೆಯ ಅಭ್ಯಾಸ. ಸಿಂಗಪುರ, ಹಾಂಗ್‌ಕಾಂಗ್ ಎಂಬ ಹೆಸರುಗಳ ಹಿಂದೆ ಬೇರೆ ದೇಶಗಳ ಮಾಲೀಕರು ಇರಬಹುದು ಎಂಬುದನ್ನೂ ನೆನಪಿಡಬೇಕು.

ಇನ್ನೊಂದು ಎಚ್ಚರ: ಚಾಂದ್ರಮಾನ ಹೊಸ ವರ್ಷವಾದ ‘ತೆತ್’ ಹಬ್ಬಕ್ಕೆ ಕಾರ್ಖಾನೆಗಳು ಹಲವು ದಿನ ಮುಚ್ಚುತ್ತವೆ. ಹಬ್ಬ ಒಂದು ವರ್ಷ ಜನವರಿಯಲ್ಲಿ ಬಂದರೆ ಮತ್ತೊಂದು ವರ್ಷ ಫೆಬ್ರುವರಿಯಲ್ಲಿ ಬರುತ್ತದೆ. ಈ ಎರಡು ತಿಂಗಳ ಉತ್ಪಾದನೆ ಮತ್ತು ರಫ್ತನ್ನು ಬಿಡಿಬಿಡಿಯಾಗಿ ಹಿಂದಿನ ವರ್ಷಕ್ಕೆ ಹೋಲಿಸಿದರೆ ಒಮ್ಮೆ ಕುಸಿತವೂ ಒಮ್ಮೆ ಅದ್ಭುತವೂ ಕಾಣುತ್ತದೆ. ಎರಡನ್ನೂ ಕೂಡಿಸಿ ಹೋಲಿಸಬೇಕು.

ಬಂದ ಹಣ ಎಲ್ಲಿ ಬೇರೂರಿದೆ

2024ರಲ್ಲಿ ವಿಯೆಟ್ನಾಂನ ಸರಕು ರಫ್ತು 40,500 ಕೋಟಿ ಡಾಲರ್ ದಾಟಿತು, ವ್ಯಾಪಾರ ಮಿಗತೆ (ಆಮದನ್ನು ಕಳೆದು ಉಳಿದ ರಫ್ತು) ಸುಮಾರು 2,477 ಕೋಟಿ ಡಾಲರ್ ಆಯಿತು. ಈ ಮಿಗತೆಯನ್ನು ಇಬ್ಭಾಗ ಮಾಡಿದಾಗ ಚಿತ್ರ ಬದಲಾಗುತ್ತದೆ. ವಿದೇಶಿ ಬಂಡವಾಳದ ಕಂಪನಿಗಳು ಸುಮಾರು 5,000 ಕೋಟಿ ಡಾಲರ್ ಮಿಗತೆ ತಂದರೆ, ದೇಶೀಯ ಕಂಪನಿಗಳು ಅದರ ಅರ್ಧದಷ್ಟು ಕೊರತೆಯಲ್ಲಿದ್ದವು. ರಫ್ತಿನ ಶೇ 70ಕ್ಕೂ ಹೆಚ್ಚು ಪಾಲು ವಿದೇಶಿ ಕಂಪನಿಗಳದ್ದೇ. 2009ರಲ್ಲಿ ಬಾಕ್ ನಿನ್ ಪ್ರಾಂತ್ಯದಲ್ಲಿ ಫೋನ್ ತಯಾರಿಕೆ ಆರಂಭಿಸಿದ ಸ್ಯಾಮ್‌ಸಂಗ್ ಇಂದು ಅಲ್ಲಿ 2,000 ಕೋಟಿ ಡಾಲರಿಗೂ ಹೆಚ್ಚು ಹೂಡಿದೆ. ಅದರ ಒಂದು ಮಾದರಿಯ ಫೋನ್ ಮಾರುಕಟ್ಟೆಯಲ್ಲಿ ಸೋತರೂ ದೇಶದ ರಫ್ತಿನ ಅಂಕಿ ಅಲುಗುವಷ್ಟು ಆ ಒಂದು ಕಂಪನಿ ದೊಡ್ಡದಾಗಿದೆ.

ಹೂಡಿಕೆದಾರರಿಗೆ ಇದರ ಅರ್ಥವೇನು? ಚಿಪ್, ಪರದೆ, ಬಟ್ಟೆ, ರಾಸಾಯನಿಕಗಳಂತಹ ಬಿಡಿಭಾಗ ಮತ್ತು ಕಚ್ಚಾವಸ್ತುಗಳ ಬಹುಪಾಲು ಚೀನಾ ಮತ್ತು ದಕ್ಷಿಣ ಕೊರಿಯಾದಿಂದ ಬರುತ್ತದೆ, ಜೋಡಣೆ ವಿಯೆಟ್ನಾಂನಲ್ಲಿ ನಡೆಯುತ್ತದೆ. ನಿಮ್ಮ ಸರಕಿಗೆ ಬೇಕಾದ ಮೊದಲ ಹಂತದ ಮತ್ತು ಎರಡನೇ ಹಂತದ ಪೂರೈಕೆದಾರರು (ನಿಮಗೆ ನೇರವಾಗಿ ಕೊಡುವವರು ಮತ್ತು ಅವರಿಗೆ ಕೊಡುವವರು) ಅಲ್ಲಿಯೇ ಸಿಗುತ್ತಾರೆಯೇ ಎಂಬುದನ್ನು ಬಿಡಿಭಾಗಗಳ ಪಟ್ಟಿ ಹಿಡಿದು ಒಂದೊಂದಾಗಿ ಪರಿಶೀಲಿಸಬೇಕು. ಈ ಪಟ್ಟಿಯೇ ಮುಂದೆ, ಸರಕು ಯಾವ ದೇಶದ್ದೆಂದು ಸಾರುವ ಮೂಲದೇಶದ ಪ್ರಮಾಣಪತ್ರಕ್ಕೂ ಆಧಾರವಾಗುತ್ತದೆ.

ಆ ಪ್ರಮಾಣಪತ್ರದ ಬೆಲೆ 2025ರಲ್ಲಿ ಎಲ್ಲರಿಗೂ ಗೊತ್ತಾಯಿತು. ಏಪ್ರಿಲ್ 2ರಂದು ಅಮೆರಿಕ ವಿಯೆಟ್ನಾಂನ ಸರಕುಗಳ ಮೇಲೆ ಶೇ 46ರ ಸುಂಕ ಘೋಷಿಸಿತು. ಜುಲೈನಲ್ಲಿ ಅದನ್ನು ಶೇ 20ಕ್ಕೆ ಇಳಿಸುವುದಾಗಿಯೂ, ಬೇರೆ ದೇಶದ ಸರಕನ್ನು ವಿಯೆಟ್ನಾಂ ಮೂಲಕ ದಾಟಿಸಿದರೆ ಶೇ 40 ವಿಧಿಸುವುದಾಗಿಯೂ ಹೇಳಿತು. ವಿಯೆಟ್ನಾಂನ ಅತಿ ದೊಡ್ಡ ರಫ್ತು ಮಾರುಕಟ್ಟೆಯೇ ಅಮೆರಿಕವಾದ್ದರಿಂದ ಈ ಎರಡು ದರಗಳ ನಡುವಿನ ಅಂತರ ಒಂದು ಕಾರ್ಖಾನೆಯ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಇಂತಹ ದರಗಳು ನಾಲ್ಕು ತಿಂಗಳಿಗೊಮ್ಮೆ ಬದಲಾಗಬಹುದಾದ್ದರಿಂದ ಹಳೆಯ ವರದಿಯೊಂದರ ಸಂಖ್ಯೆಯನ್ನು ನಂಬಬೇಡಿ, ನಿಮ್ಮ ಸರಕಿನ ಸುಂಕ ಸಂಕೇತಕ್ಕೆ ಅನ್ವಯಿಸುವ ದರವನ್ನು ನಿರ್ಧಾರದ ದಿನವೇ ನೋಡಿ, ಆ ದರ ಇಮ್ಮಡಿಯಾದರೂ ಲೆಕ್ಕ ತಾಳುತ್ತದೆಯೇ ಎಂದು ಮತ್ತೊಮ್ಮೆ ಕೂಡಿಸಿ ಕಳೆಯಿರಿ.

ಪ್ರಾಂತ್ಯ, ಕರೆಂಟು, ನೆಲ

ದೇಶವನ್ನು ಆಯ್ದುಕೊಂಡರೆ ಕೆಲಸ ಮುಗಿಯುವುದಿಲ್ಲ, ಪ್ರಾಂತ್ಯವನ್ನು ಆಯ್ದುಕೊಳ್ಳುವುದರಲ್ಲಿ ಅರ್ಧ ಫಲಿತಾಂಶ ಅಡಗಿದೆ. ವಿಯೆಟ್ನಾಂ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯು 2005ರಿಂದ ಪ್ರಾಂತ್ಯಗಳ ಸ್ಪರ್ಧಾತ್ಮಕತೆಯ ಸೂಚ್ಯಂಕವನ್ನು ಹೊರತರುತ್ತಿದೆ. ಪರವಾನಗಿಗೆ ತಗಲುವ ಸಮಯ, ಕೈಬೆಚ್ಚಗೆ ಮಾಡಬೇಕಾದ ಒತ್ತಡ, ಭೂಮಿ ಸಿಗುವ ಸುಲಭತೆ ಮುಂತಾದವುಗಳ ಬಗ್ಗೆ ಉದ್ಯಮಿಗಳನ್ನೇ ಕೇಳಿ ಅದನ್ನು ತಯಾರಿಸಲಾಗುತ್ತದೆ. ಕಲ್ಲಿದ್ದಲಿನ ನಾಡಾದ ಕ್ವಾಂಗ್ ನಿನ್ 2017ರಿಂದ 2023ರವರೆಗೆ ಸತತ ಏಳು ವರ್ಷ ಅದರಲ್ಲಿ ಮೊದಲ ಸ್ಥಾನದಲ್ಲಿತ್ತು. ಆದರೆ 2025ರ ಜುಲೈ 1ರಿಂದ 63 ಪ್ರಾಂತ್ಯ ಮತ್ತು ನಗರಗಳನ್ನು 34ಕ್ಕೆ ಇಳಿಸಲಾಗಿದೆ, ಜಿಲ್ಲಾ ಹಂತದ ಆಡಳಿತವನ್ನೇ ತೆಗೆದುಹಾಕಲಾಗಿದೆ. ಬಾಕ್ ಜಿಯಾಂಗ್ ಈಗ ಬಾಕ್ ನಿನ್‌ನೊಳಗಿದೆ, ಬಿನ್ ದುವಾಂಗ್ ಹೊ ಚಿ ಮಿನ್ ನಗರದೊಳಗಿದೆ. ಹಳೆಯ ಪ್ರಾಂತ್ಯವಾರು ಅಂಕಿಗಳನ್ನು ಹೊಸದರೊಂದಿಗೆ ಹೋಲಿಸುವ ಮುನ್ನ ಗಡಿಗಳನ್ನು ಸರಿಹೊಂದಿಸಿಕೊಳ್ಳದಿದ್ದರೆ ಒಂದು ಪ್ರಾಂತ್ಯದ ಹೂಡಿಕೆ ರಾತ್ರೋರಾತ್ರಿ ದುಪ್ಪಟ್ಟಾದಂತೆ ಕಾಣುತ್ತದೆ. ಹೂಡಿಕೆಯ ಉಸ್ತುವಾರಿ ನೋಡುತ್ತಿದ್ದ ಯೋಜನಾ ಸಚಿವಾಲಯವೂ ಅದೇ ವರ್ಷದ ಮಾರ್ಚ್‌ನಲ್ಲಿ ಹಣಕಾಸು ಸಚಿವಾಲಯದಲ್ಲಿ ವಿಲೀನವಾಗಿರುವುದರಿಂದ, ಹಳೆಯ ಮಾರ್ಗದರ್ಶಿಗಳಲ್ಲಿರುವ ಕಚೇರಿಯ ಹೆಸರುಗಳು ಬಹಳಷ್ಟು ಕಡೆ ತಪ್ಪಾಗಿವೆ.

ವಿದ್ಯುತ್ತಿನ ಪ್ರಶ್ನೆಯನ್ನು ಯಾವ ಪ್ರಚಾರ ಪುಸ್ತಿಕೆಯೂ ಮೊದಲ ಪುಟದಲ್ಲಿ ಹಾಕುವುದಿಲ್ಲ. 2023ರ ಮೇ ಮತ್ತು ಜೂನ್‌ನಲ್ಲಿ ಬಿಸಿಲು ವಿಪರೀತವಾಗಿ, ಉತ್ತರದ ಜಲವಿದ್ಯುತ್ ಜಲಾಶಯಗಳು ಬತ್ತಿ, ಬಾಕ್ ನಿನ್ ಮತ್ತು ಬಾಕ್ ಜಿಯಾಂಗ್‌ನ ಕೈಗಾರಿಕಾ ಪ್ರದೇಶಗಳಲ್ಲಿ ಸರದಿಯ ಮೇಲೆ ಕರೆಂಟು ತೆಗೆಯಲಾಯಿತು. ಆ ನಷ್ಟವನ್ನು ವಿಶ್ವಬ್ಯಾಂಕ್ ಸುಮಾರು 140 ಕೋಟಿ ಡಾಲರ್, ಅಂದರೆ ಜಿಡಿಪಿಯ ಶೇ 0.3 ಎಂದು ಅಂದಾಜಿಸಿತು. ಮಧ್ಯ ಭಾಗದಲ್ಲಿ ಸೌರ ವಿದ್ಯುತ್ ಸಾಕಷ್ಟಿದ್ದರೂ ಉತ್ತರಕ್ಕೆ ಸಾಗಿಸುವ ತಂತಿಗಳ ಸಾಮರ್ಥ್ಯ ಸಾಲದಾಗಿತ್ತು. 519 ಕಿಲೋಮೀಟರ್ ಉದ್ದದ, 500 ಕಿಲೋವೋಲ್ಟ್ ಸಾಮರ್ಥ್ಯದ ಕ್ವಾಂಗ್ ಟ್ರಾಕ್–ಫೋ ನೋಯ್ ಮಾರ್ಗ 2024ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಆದರೂ ಕೈಗಾರಿಕಾ ಪ್ರದೇಶಕ್ಕೆ ಭೇಟಿ ಕೊಟ್ಟಾಗ ಮಾರಾಟ ವಿಭಾಗದವರನ್ನು ಬಿಟ್ಟು, ಅಲ್ಲಿ ಈಗಾಗಲೇ ಯಂತ್ರ ನಡೆಸುತ್ತಿರುವ ಬಾಡಿಗೆದಾರರನ್ನೇ ಕೇಳಿ: 2023ರ ಜೂನ್‌ನಲ್ಲಿ ಎಷ್ಟು ಗಂಟೆ ಕರೆಂಟು ಹೋಗಿತ್ತು, ಸೂಚನೆ ಎಷ್ಟು ಮುಂಚೆ ಬಂದಿತ್ತು, ಕಳೆದ ಬೇಸಿಗೆಯಲ್ಲಿ ಹೇಗಿತ್ತು.

ಭೂಮಿ ಅಲ್ಲಿ ಇಡೀ ಜನತೆಯ ಸ್ವತ್ತು, ವಿದೇಶಿ ಹೂಡಿಕೆದಾರರು ಕೊಂಡುಕೊಳ್ಳುವಂತಿಲ್ಲ, ಕಾರ್ಖಾನೆಗೆ ಗುತ್ತಿಗೆಗಷ್ಟೇ ಸಿಗುತ್ತದೆ. ಸಾಮಾನ್ಯ ಮಿತಿ 50 ವರ್ಷ, ವಿಶೇಷ ಸಂದರ್ಭಗಳಲ್ಲಿ 70. ಹೊಸಬರು ಮೋಸಹೋಗುವುದು ಇಲ್ಲಿಯೇ. ಕೈಗಾರಿಕಾ ಪ್ರದೇಶದ ಅಭಿವೃದ್ಧಿಗಾರರಿಗೆ 2005ರಲ್ಲಿ 50 ವರ್ಷದ ಗುತ್ತಿಗೆ ಸಿಕ್ಕಿದ್ದರೆ, 2025ರಲ್ಲಿ ಅವರಿಂದ ಒಳಗುತ್ತಿಗೆ ಪಡೆದವರಿಗೆ ಉಳಿಯುವುದು 30 ವರ್ಷ ಮಾತ್ರ. ಚದರ ಮೀಟರಿನ ದರವನ್ನು ಉಳಿದ ವರ್ಷಗಳಿಂದ ಭಾಗಿಸಿ ನೋಡಿದಾಗಲೇ ಎರಡು ಜಾಗಗಳನ್ನು ಹೋಲಿಸಲು ಬರುತ್ತದೆ. ಕನಿಷ್ಠ ವೇತನವೂ ಪ್ರದೇಶಕ್ಕೆ ತಕ್ಕಂತೆ ನಾಲ್ಕು ಶ್ರೇಣಿಗಳಲ್ಲಿದೆ, 2026ರ ಜನವರಿಯಿಂದ ಮೊದಲ ಶ್ರೇಣಿಗೆ ತಿಂಗಳಿಗೆ 53.1 ಲಕ್ಷ ಡಾಂಗ್ (ವಿಯೆಟ್ನಾಂನ ಕರೆನ್ಸಿ), ನಾಲ್ಕನೆಯದಕ್ಕೆ 37 ಲಕ್ಷ ಡಾಂಗ್. ಕಾರ್ಖಾನೆಗಳು ಕೈಗೆ ಕೊಡುವ ಸಂಬಳ ಇದಕ್ಕಿಂತ ಹೆಚ್ಚು.

ತೆರಿಗೆ ರಜೆಯ ಆಸೆ

ಕಾರ್ಪೊರೇಟ್ ತೆರಿಗೆಯ ಸಾಮಾನ್ಯ ದರ ಶೇ 20. ಪ್ರೋತ್ಸಾಹಕ ಯೋಜನೆಗಳಿಗೆ 15 ವರ್ಷ ಶೇ 10ರ ದರ, ಅದರಲ್ಲೂ ಮೊದಲ 4 ವರ್ಷ ಪೂರ್ತಿ ವಿನಾಯಿತಿ, ಮುಂದಿನ 9 ವರ್ಷ ಅರ್ಧ ವಿನಾಯಿತಿ ಸಿಗುವುದುಂಟು. ಜಾಗತಿಕ ಕನಿಷ್ಠ ತೆರಿಗೆಯ ನಿಯಮವನ್ನು ವಿಯೆಟ್ನಾಂ 2024ರ ಜನವರಿ 1ರಿಂದ ಜಾರಿಗೆ ತಂದಿರುವುದರಿಂದ, ವಾರ್ಷಿಕ 75 ಕೋಟಿ ಯೂರೊ ಅಥವಾ ಹೆಚ್ಚು ವರಮಾನವಿರುವ ಬಹುರಾಷ್ಟ್ರೀಯ ಸಮೂಹಗಳು ಶೇ 15ಕ್ಕೆ ಕಡಿಮೆಯಾದ ಭಾಗವನ್ನು ಕಟ್ಟಿಯೇ ತೀರಬೇಕು. ಈ ನಿಯಮದಿಂದ ಸಣ್ಣ ಮತ್ತು ಮಧ್ಯಮ ಹೂಡಿಕೆದಾರರ ರಿಯಾಯಿತಿಗಳ ತೂಕ ಕುಂದಿಲ್ಲ.

ಲಾಭವನ್ನು ಹೊರಗೆ ಒಯ್ಯುವುದು

ಹಣ ಒಳಗೆ ಹೋದ ಬಾಗಿಲಿನಿಂದಲೇ ಹೊರಗೆ ಬರಬೇಕು ಎಂಬುದು ಇಲ್ಲಿನ ಮೂಲ ನಿಯಮ. ಹೂಡಿಕೆ ನೋಂದಣಿ ಪ್ರಮಾಣಪತ್ರ ಮತ್ತು ಉದ್ಯಮ ನೋಂದಣಿ ಪ್ರಮಾಣಪತ್ರ ಎರಡೂ ಸಿಕ್ಕ ಮೇಲೆ, ಅಧಿಕೃತ ಬ್ಯಾಂಕೊಂದರಲ್ಲಿ ನೇರ ಹೂಡಿಕೆಯ ಬಂಡವಾಳ ಖಾತೆ ತೆರೆದು, ಉದ್ಯಮ ನೋಂದಣಿಯಾದ 90 ದಿನಗಳೊಳಗೆ ಘೋಷಿತ ಬಂಡವಾಳವನ್ನು ಆ ಖಾತೆಯ ಮೂಲಕವೇ ತುಂಬಬೇಕು. ಅವಸರದಲ್ಲಿ ಮಾತೃಸಂಸ್ಥೆಯು ಯಂತ್ರ ಪೂರೈಕೆದಾರರಿಗೆ ಹೊರಗಿನಿಂದಲೇ ಹಣ ಕೊಟ್ಟುಬಿಟ್ಟರೆ, ಅದು ಬಂಡವಾಳವೆಂದು ಲೆಕ್ಕಕ್ಕೆ ಬರಲು ಮುಂದೆ ಹರಸಾಹಸ ಮಾಡಬೇಕಾಗುತ್ತದೆ. ಲಾಭವನ್ನು ವರ್ಷಕ್ಕೊಮ್ಮೆ, ಆರ್ಥಿಕ ವರ್ಷ ಮುಗಿದು ಲೆಕ್ಕಪರಿಶೋಧನೆಯಾಗಿ ತೆರಿಗೆ ವಿವರ ಸಲ್ಲಿಸಿದ ನಂತರ, ತೆರಿಗೆ ಕಚೇರಿಗೆ ಕನಿಷ್ಠ 7 ಕೆಲಸದ ದಿನ ಮುಂಚೆ ತಿಳಿಸಿ ಕಳುಹಿಸಬಹುದು. ಹಿಂದಿನ ವರ್ಷಗಳ ಸಂಚಿತ ನಷ್ಟ ತೀರಿರಬೇಕು. ಮೊದಲ ಎರಡು ವರ್ಷ ನಷ್ಟವಾಗುವುದು ಸಹಜವಾದ ಉದ್ಯಮಗಳು ತಮ್ಮ ನಗದು ಲೆಕ್ಕದಲ್ಲಿ ಇದನ್ನು ಮೊದಲೇ ಸೇರಿಸಿಕೊಳ್ಳುವುದು ಒಳಿತು.

ಕರೆನ್ಸಿಯ ಅಪಾಯವನ್ನೂ ತೂಗಬೇಕು. ಅಲ್ಲಿನ ಕೇಂದ್ರ ಬ್ಯಾಂಕಾದ ಸ್ಟೇಟ್ ಬ್ಯಾಂಕ್ ಪ್ರತಿದಿನ ಡಾಂಗ್‌ನ ಕೇಂದ್ರ ದರ ಪ್ರಕಟಿಸುತ್ತದೆ, ಬ್ಯಾಂಕುಗಳು ಅದರ ಆಚೀಚೆ ಶೇ 5ರೊಳಗೆ ವಹಿವಾಟು ನಡೆಸುತ್ತವೆ. ಈ ಮಿತಿ 2022ರ ಅಕ್ಟೋಬರ್‌ವರೆಗೆ ಶೇ 3 ಇತ್ತು. ಡಾಂಗ್ ಒಮ್ಮೆಲೇ ಕುಸಿಯುವುದಕ್ಕಿಂತ ವರ್ಷವರ್ಷ ಸ್ವಲ್ಪಸ್ವಲ್ಪವೇ ಸವೆಯುವುದೇ ಹೆಚ್ಚು. ದೇಶದೊಳಗೆ ಮಾರುವವರಿಗೆ ಈ ಸವೆತ ನೇರವಾಗಿ ತಟ್ಟುತ್ತದೆ, ಡಾಲರಿನಲ್ಲಿ ರಫ್ತು ಮಾಡುವವರಿಗೆ ಅಷ್ಟಿಲ್ಲ. ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ಸಂಸ್ಥೆಗಳಾದ ಎಸ್ ಅಂಡ್ ಪಿ 2022ರಲ್ಲಿ, ಫಿಚ್ 2023ರಲ್ಲಿ ದೇಶದ ರೇಟಿಂಗನ್ನು ಹೂಡಿಕೆ ದರ್ಜೆಗೆ ಒಂದೇ ಮೆಟ್ಟಿಲು ಕೆಳಗಿನ ಬಿಬಿ ಪ್ಲಸ್‌ಗೆ ಏರಿಸಿದವು. ಷೇರು ಮಾರುಕಟ್ಟೆಯ ದರ್ಜೆ ಏರಿಕೆಯ ಸುದ್ದಿಗಳು ಷೇರು ಕೊಳ್ಳುವವರಿಗೆ ಮುಖ್ಯ, ಕಾರ್ಖಾನೆ ಕಟ್ಟುವವರು ಅವಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ನಿಯಮ ಹಿಂದಕ್ಕೆ ತಿರುಗಿದಾಗ

ಕೊನೆಯದಾಗಿ ಪರಿಶೀಲಿಸಬೇಕಾದದ್ದು ಸರ್ಕಾರದ ಮಾತಿನ ಬಾಳಿಕೆ. ಇದಕ್ಕೆ ಸೌರ ವಿದ್ಯುತ್ತಿಗಿಂತ ಒಳ್ಳೆಯ ಉದಾಹರಣೆಯಿಲ್ಲ. 2019ರ ಜೂನ್ 30ರೊಳಗೆ ಉತ್ಪಾದನೆ ಆರಂಭಿಸಿದ ಸ್ಥಾವರಗಳಿಗೆ ಯೂನಿಟ್ಟಿಗೆ 9.35 ಸೆಂಟ್‌ನಂತೆ 20 ವರ್ಷ ಕೊಡುವುದಾಗಿ ಸರ್ಕಾರ ಪ್ರಕಟಿಸಿತು. ಹಣ ಹೊಳೆಯಂತೆ ಹರಿದು, 2018ರಲ್ಲಿ ಹೆಚ್ಚುಕಡಿಮೆ ಶೂನ್ಯವಾಗಿದ್ದ ಸೌರ ಸಾಮರ್ಥ್ಯ 2020ರ ಕೊನೆಗೆ 16 ಗಿಗಾವಾಟ್ ದಾಟಿತು. ವರ್ಷಗಳ ನಂತರ ತಪಾಸಣೆ ನಡೆದಾಗ, ಹಲವು ಸ್ಥಾವರಗಳು ಗಡುವಿನೊಳಗೆ ಕರೆಂಟು ಕೊಟ್ಟಿದ್ದರೂ ಕಾಮಗಾರಿ ಪೂರ್ಣಗೊಂಡ ಬಗೆಗಿನ ಸ್ವೀಕೃತಿ ಪತ್ರ ತಡವಾಗಿ ಬಂದಿತ್ತು ಎಂಬ ಆಕ್ಷೇಪ ಎದ್ದಿತು, ಹಳೆಯ ದರಕ್ಕೇ ಕುತ್ತು ಬಂತು. 2025ರಲ್ಲಿ ವಿದೇಶಿ ಹೂಡಿಕೆದಾರರು ಒಟ್ಟಾಗಿ ಸರ್ಕಾರಕ್ಕೆ ಪತ್ರ ಬರೆದು ತಕರಾರು ಎತ್ತಿದರು. ಆದ್ದರಿಂದ ಪ್ರೋತ್ಸಾಹಧನವನ್ನು ನೆಚ್ಚಿಕೊಂಡ ಯಾವುದೇ ಯೋಜನೆಗೆ ಸಹಿ ಹಾಕುವ ಮುನ್ನ, ‘ಆರಂಭದ ದಿನಾಂಕ’ ಎಂದರೆ ಯಾವ ಕಾಗದದ ಮೇಲಿನ ದಿನಾಂಕ, ಅದನ್ನು ಕೊಡುವ ಕಚೇರಿ ಯಾವುದು, ಅದು ತಡವಾದರೆ ದರ ಏನಾಗುತ್ತದೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ, ವಿಯೆಟ್ನಾಮೀ ಭಾಷೆಯ ಪ್ರತಿಯಲ್ಲೂ ಅದೇ ಅರ್ಥ ಬರುತ್ತದೆಯೇ ಎಂದು ಸ್ಥಳೀಯ ವಕೀಲರಿಂದ ಖಚಿತಪಡಿಸಿಕೊಳ್ಳಿ.